ಬೇಲಿ ಉರಿಸಿ ಕಾಯಿಸಿದ ಬೆಲ್ಲ

ನಾಳೆ ಬೆಳಗಾದರೆ ಸಂಕ್ರಾಂತಿ. ನಿಮ್ಮಲ್ಲಿ ಅರ್ಧ ಜನರ ಮನಸ್ಸು ಇಲ್ಲಿಲ್ಲ, ಕೊಬ್ಬರಿ ಹೆಚ್ಚುವ ಈಳಿಗೆಮಣೆಯ ಹತ್ತಿರ ಇದೆ. ಇರಲಿ ತಾಯಂದಿರೇ, ಮನಸ್ಸು ಅಲ್ಲಿದ್ದರೂ ಕಿವಿ ಇಲ್ಲಿ ಕೊಡಿ. ಎಳ್ಳು, ಬೆಲ್ಲ, ಕಡಲೆ, ಕೊಬ್ಬರಿ ಇಷ್ಟನ್ನೂ ಬೆರೆಸಿ ಮನೆ ಮನೆಗೆ ಬೀರುವುದು ಯಾಕೆ? ಗ್ರಂಥಗಳಲ್ಲಿ ಹುಡುಕಬೇಡಿ, ದೃಷ್ಟಾಂತಕ್ಕೆ ಒಂದು ಕಥೆ ಕೇಳಿ.

ಒಂದು ಊರು ಅಂದುಕೊಳ್ಳಿ. ಎಲ್ಲ ಊರುಗಳಲ್ಲಿರುವ ಹಾಗೆ ಅಲ್ಲೂ ಒಬ್ಬ ಶ್ರೀಮಂತ. ಕಣ್ಣು ಹಾಯಿಸಿದಷ್ಟು ದೂರ ಅವನದೇ ಕಬ್ಬು. ಹಿತ್ತಲಿನ ತರಕಾರಿ ಮಡಿಯನ್ನೂ ಬಿಡದೆ ಕಿತ್ತು ಕಬ್ಬು ನೆಟ್ಟಿದ್ದ. ಕೆಟ್ಟವನಲ್ಲ ನೋಡಿ, ಕಬ್ಬೊಂದೇ ಕಾಣುತ್ತಿತ್ತು, ಅಷ್ಟೆ.

ಸಂಕ್ರಾಂತಿ ಹತ್ತಿರ ಬಂದರೆ ಅವನ ಆಲೆಮನೆಯಲ್ಲಿ ಒಲೆ ಹತ್ತುತ್ತಿತ್ತು. ಆಲೆಮನೆಯ ಧರ್ಮ ನಿಮಗೆ ಗೊತ್ತಲ್ಲ? ಬಂದವರಿಗೆ ಕಬ್ಬಿನ ಹಾಲು ಕುಡಿಸಬೇಕು, ಬಿಸಿ ಬೆಲ್ಲ ಎಲೆಗೆ ಹಾಕಬೇಕು, ಬೇಡ ಅನ್ನಬಾರದು. ಆದರೆ ಆ ವರ್ಷ ಅವನ ಒಬ್ಬಳೇ ಮಗಳಿಗೆ ಮದುವೆಯಾಗಿತ್ತು. ಮೊದಲ ಸಂಕ್ರಾಂತಿ. ಬೀಗರ ಮನೆಗೆ ಹೊಸ ಬೆಲ್ಲದ ಅಚ್ಚು ಕಳಿಸಬೇಕು. ಬಣ್ಣ ಬಂಗಾರದ ಹಾಗಿರಬೇಕು. ಇಲ್ಲದಿದ್ದರೆ ಮಗಳು ಅಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ? ಶ್ರೀಮಂತ ಯೋಚಿಸಿದ: 'ಬಂದವರೆಲ್ಲ ನೆಕ್ಕಿಕೊಂಡು ಹೋದರೆ ಬೀಗರಿಗೆ ಉಳಿಯುವುದೇನು?' ಆಲೆಮನೆಯ ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿಸಿಬಿಟ್ಟ.

ಬೆಳಿಗ್ಗೆ ಬೇಲಿಯಾಚೆ ಒಬ್ಬ ಅಜ್ಜಿ ಬಂದು ನಿಂತಳು. ಕಂಕುಳಲ್ಲಿ ಒಂದು ಗಂಟು.

ಶ್ರೀಮಂತ ಒಳಗಿನಿಂದಲೇ ಕೂಗಿದ, "ಈ ಸಲ ಯಾರಿಗೂ ಇಲ್ಲಜ್ಜಿ. ಹಬ್ಬ ಕಳೀಲಿ, ಆಮೇಲೆ ಬಾ."

"ಅಲ್ಲ ಕಣ್ ಮಗಾ, ನಾನ್ ಬಂದಿದ್ದು..."

"ಗೊತ್ತು ಗೊತ್ತು, ಗಂಟೇ ಹೇಳ್ತದೆ. ಬೆಲ್ಲ ತುಂಬ್ಕೊಂಡ್ ಹೋಗಕ್ಕೆ ತಾನೆ? ಹೋಗಜ್ಜಿ."

ಅಜ್ಜಿ ಹೋದಳು. ಎಳ್ಳು ಬೆಳೆದವನೂ ಬಂದು ಬೇಲಿ ನೋಡಿ ಹೋದ. ಕಡಲೆಕಾಯಿಯವಳೂ ಕೊಬ್ಬರಿಯವನೂ ಹಾಗೆಯೇ ಹಿಂದಿರುಗಿದರು. ಶ್ರೀಮಂತನಿಗೆ ಪರಮ ನೆಮ್ಮದಿ.

ಕೊಪ್ಪರಿಗೆ ಕುದಿಯಿತು. ಕುದಿಯಿತು, ಆದರೆ ತಿಳಿಯಾಗಲಿಲ್ಲ. ಹಾಲಿನಲ್ಲಿರುವ ಕೊಳೆ, ಆ ಮಡ್ಡಿ, ಮೇಲೆ ಬರಲೇ ಇಲ್ಲ. ಬೆಲ್ಲ ಕಾಯಿಸುವವನು ಸೌಟು ಹಿಡಿದು ಆಚೀಚೆ ನೋಡಿದ.

"ಯಜಮಾನ್ರೇ, ಅಜ್ಜಿ ಬರ್ನಿಲ್ವಾ?"

"ಯಾವಜ್ಜಿ?"

"ಅದೇ, ವರ್ಸಾ ವರ್ಸಾ ಬೆಂಡೆಗಿಡ ತಂದು ಜಜ್ಜಿ ಕೊಡ್ತಾಳಲ್ಲ. ಆ ಲೋಳೆ ಬಿದ್ರೆ ತಾನೇ ಮಡ್ಡಿ ಎದ್ದು ಬರೋದು?"

ಶ್ರೀಮಂತ ಬೇಲಿಯ ಕಡೆ ತಿರುಗಿ ನೋಡಿದ. ವರ್ಷ ವರ್ಷ ಅಜ್ಜಿ ಬೆಲ್ಲ ಒಯ್ಯುವುದನ್ನು ನೋಡಿದ್ದ. ತರುವುದನ್ನು ಒಂದು ದಿನವಾದರೂ ನೋಡಿದ್ದನೇ? ಇಲ್ಲ. ನಾವು ನೋಡುತ್ತೇವೆಯೇ?

ಅಚ್ಚಿಗೆ ಹೊಯ್ದ ಬೆಲ್ಲ ಕಪ್ಪಗೆ, ಅಂಟಂಟಾಗಿ ಕೂತಿತು. ಹಬ್ಬಕ್ಕೆಂದು ತವರಿಗೆ ಬಂದಿದ್ದ ಮಗಳು ಬೆರಳಲ್ಲಿ ತೆಗೆದು ನಾಲಿಗೆಗಿಟ್ಟಳು. "ಕಳಿಸಿಬಿಡಪ್ಪ! ಇದನ್ನು ತಿಂದರೆ ನಮ್ಮತ್ತೆಗೆ ಯುಗಾದಿವರೆಗೂ ಬಾಯಿ ಬಿಡಕ್ಕಾಗಲ್ಲ." ನಗುತ್ತಲೇ ಹೇಳಿದಳು. ಆದರೆ ಅವಳ ಕಣ್ಣು ತುಂಬಿದ್ದು ಅಪ್ಪನಿಗೆ ಕಾಣದೆ ಹೋದೀತೇ?

ಚಪ್ಪಲಿಯನ್ನೂ ಮೆಟ್ಟದೆ ಅಜ್ಜಿಯ ಗುಡಿಸಲಿಗೆ ಓಡಿದ. "ಅಜ್ಜೀ, ಆ ಗಂಟು?"

"ಮೇಕೆ ತಿಂತು ಕಣಪ್ಪ. ನೀನ್ ಬ್ಯಾಡಾಂದೆ, ಅದು ಬ್ಯಾಡಾನ್ನಿಲ್ಲ."

ಅವನು ತಲೆ ತಗ್ಗಿಸಿ ನಿಂತ. ತಪ್ಪಾಯಿತು ಅನ್ನುವಷ್ಟರಲ್ಲಿ ಬೆವರಿಳಿಯಿತು. ಅಜ್ಜಿಗೆ ಕರುಳು ಚುರುಕ್ ಎಂದಿತು. ಹಿತ್ತಲಲ್ಲಿ ಉಳಿದಿದ್ದ, ಇನ್ನೂ ಕಾಯಿ ಬಿಡುತ್ತಿದ್ದ ಬೆಂಡೆಗಿಡಗಳನ್ನು ಬೇರುಸಹಿತ ಕಿತ್ತಳು.

"ಬತ್ತೀನಿ ನಡಿ. ಆದ್ರೆ ನಾನ್ ಬೇಲಿ ನುಸಿಯಾಕಿಲ್ಲ. ಅದ ಕಿತ್ತು ಒಲೆಗಾಕು. ಜಾಲಿ ಚೆನ್ನಾಗ್ ಉರೀತದೆ."

ಶ್ರೀಮಂತ ತನ್ನ ಕೈಯಾರೆ ಬೇಲಿ ಕಿತ್ತ. ಅಂಗೈಯೆಲ್ಲ ಮುಳ್ಳು. ಒಲೆ ಧಗಧಗ ಉರಿಯಿತು, ಕೊಪ್ಪರಿಗೆಗೆ ಹೊಸದಾಗಿ ಕಬ್ಬಿನ ಹಾಲು ಬಿತ್ತು, ಲೋಳೆ ಬಿತ್ತು, ಮಡ್ಡಿ ಎದ್ದು ಬಂತು, ಬೆಲ್ಲ ಬಂಗಾರವಾಯಿತು. ಬೇಲಿ ಹೋಯಿತೆಂದು ಗೊತ್ತಾಗಿದ್ದೇ ತಡ, ಎಳ್ಳಿನವನು ಎಳ್ಳು ತಂದ, ಕಡಲೆಕಾಯಿಯವಳು ಉಡಿಯಲ್ಲಿ ಕಡಲೆಬೀಜ ತಂದಳು, ಕೊಬ್ಬರಿಯವನು ಕೊಬ್ಬರಿ ತಂದ. ಮಗಳು ಎಲ್ಲವನ್ನೂ ಒಂದೇ ಮೊರಕ್ಕೆ ಸುರಿದು ಹೊಸ ಬೆಲ್ಲ ಬೆರೆಸಿದಳು. ಬೀಗರ ಮನೆಗೆ ಹೋದದ್ದು ಅದೇ. ಅತ್ತೆ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಕೇಳಿದರಂತೆ, "ಇಷ್ಟೆಲ್ಲ ನಿಮ್ಮಪ್ಪನ ಹೊಲದಲ್ಲೇ ಬೆಳೀತದಾ?"

"ಇಲ್ಲ ಅತ್ತೆ, ಊರಿಗೆ ಊರೇ ಬೆಳೀತು," ಅಂದಳು ಮಗಳು.

ನೋಡಿ, ಸುಗ್ಗಿಯ ಅರ್ಥ ಅಷ್ಟೇ. ಯಾರ ಹೊಲದಲ್ಲೂ ಎಲ್ಲವೂ ಬೆಳೆಯುವುದಿಲ್ಲ. ಈಗ ನಿಮ್ಮನ್ನು ಕೇಳುತ್ತೇನೆ. ನಾಳೆ ಮೆಟ್ಟಿಲು ಗುಡಿಸುವಾಕೆ ಬಾಗಿಲಿಗೆ ಬಂದರೆ ನೀವು ಏನು ಮಾಡುತ್ತೀರಿ? ಅಂಗಡಿಯ ಪೊಟ್ಟಣ ಒಂದನ್ನು ಹೊಸ್ತಿಲಾಚೆಯೇ ಕೈಗಿಟ್ಟು ಕಳಿಸುತ್ತೀರಿ. ಕೊಡುವುದು ಸುಲಭ ತಾಯಿ, ಕೊಟ್ಟವರ ಕೈ ಮೇಲಿರುತ್ತದೆ. ತೆಗೆದುಕೊಳ್ಳುವುದೇ ಕಷ್ಟ. ಅವಳೂ ಸೆರಗಿನಲ್ಲಿ ಏನೋ ಕಟ್ಟಿ ತಂದಿರುತ್ತಾಳೆ. ಒಳಗೆ ಕರೆಯಿರಿ, ಕೂರಿಸಿ. ಅವಳು ತಂದ ಎಳ್ಳನ್ನು ಪಕ್ಕಕ್ಕಿಡಬೇಡಿ, ಅವಳ ಎದುರಿಗೇ ಬಾಯಿಗೆ ಹಾಕಿಕೊಳ್ಳಿ. ಮಾತು ಬಿಟ್ಟ ಓರಗಿತ್ತಿಯ ಮನೆಗೆ ನೀವೇ ಮೊದಲು ಹೋಗಿ, ಅವಳು ಕೊಟ್ಟದ್ದನ್ನು ಎರಡೂ ಕೈ ಚಾಚಿ ಇಸಿದುಕೊಳ್ಳಿ.

ನಾಳೆ ಹಾಲುಕ್ಕಿಸಲು ಒಲೆ ಹಚ್ಚುತ್ತೀರಲ್ಲ, ಸೌದೆ ಸಾಲದೆ ಹೋದರೆ ಚಿಂತೆ ಬೇಡ. ಮನೆಯ ಸುತ್ತ ಒಮ್ಮೆ ಕಣ್ಣಾಡಿಸಿ, ಬೇಲಿ ಎಲ್ಲಿದೆಯೆಂದು ನಿಮಗೇ ಗೊತ್ತು.