ಆಲದ ಮರದ ಮೊಳೆ

ದೀಪ ಸಣ್ಣ ಮಾಡ್ರಿ, ಹೇಳ್ತೀನಿ. ಊಟ ಆಗದೇ ಇರೋರು ಎದ್ದು ಹೋಗಿಬಿಡ್ರಿ, ಆಮೇಲೆ ನನ್ನ ಬೈಬೇಡ್ರಿ. ನನ್ನ ಚಿಕ್ಕಪ್ಪನ ಮಗ ಜಂಪಣ್ಣನ ಮನೇಲಿ ನಡೆದದ್ದು ಇದು.

ಎಂಬತ್ತೊಂದನೇ ಇಸವಿ. ನಲ್ಲೂರಲ್ಲಿ ಕೊನೇ ಬಸ್ಸಿಳಿದು ಜಂಪಣ್ಣ, ಅವನ ಹೆಂಡ್ತಿ ದ್ಯಾಮಮ್ಮ ಹಾಳುಬಾವಿ ದಾಟಿ ಬರ್ತಿದ್ರು. ಬಾವಿ ಪಕ್ಕ ಆಲದ ಮರ. ದ್ಯಾಮಮ್ಮ ಗಕ್ಕನೆ ನಿಂತಳು.

"ಕೂದಲು ಸುಡೋ ವಾಸನೆ..."

"ಎಲ್ಲೈತೆ? ಸುಮ್ನೆ ಬಾ."

ದೊಪ್ ಅಂತ ಬಿದ್ದಳು. ಹಲ್ಲು ಕಟಕಟ... ಬಾಯಲ್ಲಿ ನೊರೆ.

ಅವತ್ತಿಂದ ಆ ವಾಸನೆ ಬಂತಂದ್ರೆ ಬೀಳೋದು. ಕಣ್ಣೂ ಮಂಜಾಗ್ತಾ ಬಂತು. ದೆವ್ವ ಬಿಡಿಸೋ ಮರುಳಸಿದ್ದಪ್ಪ ಬಂದ. ಎಲೆಯಡಿಕೆ ಎಂಜಲು ಸುರಿಸ್ತಾ ಅವಳ ನೆತ್ತಿ ಕೂದಲು ಒಂದು ಹಿಡಿ ಕುಯ್ದು, ಆಲದ ಮರಕ್ಕಿಟ್ಟು ಮೊಳೆ ಹೊಡೆದ. ಠಣ್... ಠಣ್...

"ದೆವ್ವ ಇಲ್ಲಿಗೆ ಕಟ್ಟಾತು. ಮೊಳೆ ಕಿತ್ತೀರಿ ಮತ್ತೆ, ಆಯಮ್ಮನ ಜೀವ ಹೋಗ್ತೈತೆ."

ಥೂ, ಅವನ ಬಾಯಿ! ಕಣ್ಣು ಇನ್ನಷ್ಟು ಮಂಜಾಯ್ತು. ಹೆಂಡ್ತಿ ಕುರುಡಿ ಆಗ್ತಾಳೆ ಅಂತ ಹೆದರಿ ಜಂಪಣ್ಣ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸೇರಿಸಿದ. ತಲೆಬುರುಡೆ ಕೊರೆದು ಆಪರೇಷನ್ ಮಾಡಿದ್ರು. ಆಮೇಲೆ ಡಾಕ್ಟ್ರು ಬಾಟಲಿ ತೋರಿಸಿದ್ರಂತೆ. ಹಳಸಿದ ಬೆಣ್ಣೆ ಹಂಗೆ ಹಳದಿ ಮುದ್ದೆ. ಅದರೊಳಗೆ... ಕೂದಲು ಕಣ್ರೀ! ಕರೀ ಕೂದಲು, ಸುರುಳಿ ಸುರುಳಿ. ಔಷಧಿ ನೀರಿನ ಘಾಟು ಬೇರೆ. ಜಂಪಣ್ಣ ಅಲ್ಲೇ ವಾಂತಿ ಮಾಡ್ಕೊಂಡ.

"ಹೆದರಬೇಡಿ, ಇದು ಕ್ಯಾನ್ಸರ್ ಅಲ್ಲ," ಅಂದ್ರು ಡಾಕ್ಟ್ರು. "ತಾಯಿ ಹೊಟ್ಟೆಯಲ್ಲಿದ್ದಾಗಲೇ ಚರ್ಮದ ಚೂರು ಮಿದುಳಿನ ಹತ್ತಿರ ಸಿಕ್ಕಿಕೊಂಡು ಬೆಳೆದ ಗಡ್ಡೆ. ಬಹಳ ಅಪರೂಪ. ಕಣ್ಣಿನ ನರಕ್ಕೆ ಅಂಟಿದ್ದ ಚೂರು ಮಾತ್ರ ಬಿಟ್ಟಿದ್ದೀವಿ. ಎಳೆದಿದ್ರೆ ಕಣ್ಣೇ ಹೋಗ್ತಿತ್ತು. ಅದು ಮತ್ತೆ ಬೆಳೆಯಬಹುದು."

ಊರಿಗೆ ಬಂದ ಮೇಲೆ ಜಂಪಣ್ಣ, ನಾನು ಮರದ ಹತ್ರ ಹೋದ್ವಿ. ಮೊಳೆ ಐತೆ... ಹಿಡಿ ಕೂದಲು ಇಲ್ಲ. ಮೊಳೆ ಕೆಳಗೆ ಒಂದು ಚಿಟಿಕೆಯಷ್ಟು ಅಂಟ್ಕೊಂಡಿತ್ತು. ಅದೂ ಒದ್ದೆ. ತೊಟ್... ತೊಟ್... ಮಳೆ ಬಂದು ತಿಂಗಳಾಗಿತ್ತು.

ಜಂಪಣ್ಣ ಮೂಗು ಮುಚ್ಕೊಂಡ. "ಆ ಬಾಟಲಿದೇ ವಾಸನೆ," ಅಂತ ಪಿಸುಗುಟ್ಟಿದ.

ಮೊಳೆ ಕೀಳಾಕೆ ಯಾರಿಗೂ ಧೈರ್ಯ ಬರಲಿಲ್ಲ. ದ್ಯಾಮಮ್ಮ ಆರೇಳು ವರ್ಷ ಚೆನ್ನಾಗಿದ್ದಳು. ಸೂಜಿಗೆ ದಾರ ತಾನೇ ಪೋಣಿಸ್ತಿದ್ದಳು. ಮೊನ್ನೆ ರೊಟ್ಟಿ ತಟ್ಟೋಳು ಕೈ ನಿಲ್ಲಿಸಿ ಕೇಳಿದಳು, "ಯಾರ್ರೀ ಕೂದಲು ಸುಡ್ತಿರೋದು?"

ನಾನು ಮರದ ಹತ್ರ ಓಡಿದೆ. ಆ ಚಿಟಿಕೆ ಕೂದಲು ಈಗ ಗೇಣುದ್ದ ಆಗೈತೆ. ಸುಳ್ಳಲ್ಲ ಕಣ್ರೀ, ಈ ಬೆರಳಿಂದಲೇ ಮುಟ್ಟಿದೀನಿ. ಮನೆಗೆ ಬಂದು ಬೆರಳಿಗೆ ಸೀಗೆಪುಡಿ ಹಾಕಿ ಉಜ್ಜಿದೆ, ಸೋಪು ಹಾಕಿ ಉಜ್ಜಿದೆ...

ತಗೊಳ್ರಿ, ಮೂಸಿ ನೋಡ್ರಿ.