ಎಡಗೈಯ ಹಿಡಿತ

ಕೊಲ್ಹಾಪುರದ ಮೂಳೆ ಡಾಕ್ಟರ ಬಾಗಿಲಲ್ಲಿ ಕಾಯುತ್ತಿದ್ದ ರೋಗಿ ಶಾಲನ್‌ಬಾಯಿಯ ಪಕ್ಕದಲ್ಲೇ ಗರಡಿಯ ಮುದಿ ವಸ್ತಾದ್ ಕೂತಿದ್ದ. ಜೊತೆಗೆ ಅವನ ಶಿಷ್ಯ, ಪೈಲ್ವಾನ ಸರ್ಜೇರಾವ್. ಆಗಷ್ಟೇ ಸರ್ಜೇರಾವ್‌ನ ಎಡಗೈ ಪ್ಲಾಸ್ಟರ್ ಬಿಚ್ಚಿದ್ದರು. ಇಬ್ಬರ ಮಾತೂ ಶಾಲನ್‌ಬಾಯಿಯ ಕಿವಿಗೆ ಬೀಳುತ್ತಿತ್ತು.

“ಬಲಗೈಲೆ ಡಂಬೆಲ್ ಎತ್ತಿ ಕನ್ನಡಿ ನೋಡಿದ್ರ ಎಡಗೈ ಗಟ್ಟಿ ಆಗ್ತದೇನೋ? ಕುಸ್ತಿಗೆ ಹೊಂಟಿಯೋ, ಮದುವಿಗೋ?” ವಸ್ತಾದ್ ಗದರಿದ.

“ಕನ್ನಡ್ಯಾಗ ಎಡಗೈನ ಎತ್ತಿದಂಗ ಕಾಣ್ತದ್ರಿ. ಮಿದುಳು ಅದನ್ನ ನಂಬಿ ಎಡಗೈಗೆ ಶಕ್ತಿ ಕೊಡ್ತದಂತ ಡಾಕ್ಟರ್ ಅಂದ್ರು.”

“ಸುಳ್ಳು ನಂಬಿ ಯಾರೂ ಕುಸ್ತಿ ಗೆದ್ದಿಲ್ಲೋ.”

“ಹಂಗಾದ್ರ ನನ್ನ ಕುಸ್ತಿ ಮುಗೀತೇನ್ರಿ?”

ವಸ್ತಾದ್ ತನ್ನ ತೋರುಬೆರಳು ಚಾಚಿದ.

“ಎಡಗೈಲೆ ಹಿಡಿ.”

ಸರ್ಜೇರಾವ್ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಹಿಡಿದ. ಅವನ ಬೆರಳುಗಳು ಅರ್ಧವೂ ಮಡಚಿಕೊಳ್ಳಲಿಲ್ಲ.

“ಅಯ್ಯಯ್ಯೋ, ಬಿಡಲೇ, ಮುರಿದೀಯ! ನಾಳೆ ಗರಡಿಗೆ ಆಳೆತ್ತರದ ಕನ್ನಡಿ ತರ್ತೀನಿ.”

ಒಳಗಿಂದ ಕರೆ ಬಂತು. ವಸ್ತಾದ್ ನೋಯದ ಬೆರಳನ್ನು ಊದಿಕೊಳ್ಳುತ್ತಲೇ ಶಿಷ್ಯನ ಹಿಂದೆ ನಡೆದ.