ನೂರಾ ಹತ್ತೊಂಬತ್ತನೆಯ ಹೆಸರು

ಇದು ನನ್ನ ಹೆಂಡತಿಯ ಚಿಕ್ಕಪ್ಪನ ಮಗ ಡೋಬ್ರಿಗೆ ಆದದ್ದು. ನಮ್ಮ ಸ್ಲಿವೆನ್ ಊರಲ್ಲೇ, ಹೋದ ನವೆಂಬರಿನಲ್ಲಿ. ಕಟ್ಟಿ ಹೇಳುವುದು ನನಗೆ ಬರುವುದಿಲ್ಲ. ಆದದ್ದಷ್ಟೇ ಹೇಳುತ್ತೇನೆ.

ಶುಕ್ರವಾರ ರಾತ್ರಿ. ಹನ್ನೊಂದು ದಾಟಿತ್ತು. ಡೋಬ್ರಿ ಗೆಳೆಯನ ಮನೆಯಲ್ಲಿ ಎರಡು ಲೋಟ ರಾಕಿಯಾ ಕುಡಿದು ಒಬ್ಬನೇ ಬರುತ್ತಿದ್ದ. ಕಲ್ಲಿನ ನಲ್ಲಿಯ ಹತ್ತಿರ, ಅಕ್ರೋಟು ಮರದ ಕೆಳಗೆ, ಜೇಬಿನಲ್ಲಿ ಫೋನು ಟಿಣ್ ಅಂತು. ಮತ್ತೆ ಟಿಣ್... ಮತ್ತೆ.

ದೆವ್ವದ ಭಯಕ್ಕೆ ಆ ಮರದ ಕೆಳಗೆ ರಾತ್ರಿ ಯಾರೂ ನಿಲ್ಲುವುದಿಲ್ಲ. ಅವನು ನಿಂತ.

ಅವನ ಕೆಲಸ ಏನು ಅಂತ ಹೇಳಬೇಕು. ಒಂದು ದೊಡ್ಡ ಕಂಪ್ಯೂಟರನ್ನು ನಲವತ್ತು ಕೋಣೆ ಮಾಡಿದ ಹಾಗೆ ಪಾಲು ಮಾಡಿ ಬಾಡಿಗೆಗೆ ಕೊಡುತ್ತಾರೆ. ಸರ್ವರ್ ಅನ್ನುತ್ತಾರೆ. ಪಕ್ಕದ ಕೋಣೆಯಲ್ಲಿ ಯಾರಿದ್ದಾರೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಡೋಬ್ರಿ ಎಲ್ಲಕ್ಕಿಂತ ಅಗ್ಗದ ಕೋಣೆ ಹುಡುಕಿ ಹಿಡಿದು, ಊರಿನ ಅಂಗಡಿಗಳ ವೆಬ್‌ಸೈಟು ನಡೆಸುತ್ತಿದ್ದ. ಈ ಸಲ ಹಿಡಿದದ್ದು ಗಾಂಚೋ ಅನ್ನುವವನ ಕೋಣೆ. ಗಾಂಚೋನ ಮಿಷನ್ನುಗಳು ಇದ್ದದ್ದು ಹಾಳುಬಿದ್ದ ಉಣ್ಣೆ ಗಿರಣಿಯ ನೆಲಮಾಳಿಗೆಯಲ್ಲಿ.

ಮಾರನೆಯ ದಿನ ಸತ್ತವರ ಶನಿವಾರ. ಯೋರ್ದಾಂಕಾಳ ಬೇಕರಿಯಲ್ಲಿ ಸತ್ತವರ ಹೆಸರಿಗೆ ರೊಟ್ಟಿ ಮಾಡಿಸಿ, ಸಮಾಧಿಯ ಹತ್ತಿರ ಹಂಚುತ್ತೇವೆ. ರೊಟ್ಟಿಗೊಂದು ಹೆಸರಿನ ಚೀಟಿ. ಬೇಕರಿಯ ವೆಬ್‌ಸೈಟಿಗೆ ಬಂದ ನೂರಾ ಹದಿನೆಂಟು ಹೆಸರಿನ ಪಟ್ಟಿ ಡೋಬ್ರಿಯ ಆ ಬಾಡಿಗೆ ಕೋಣೆಯಲ್ಲಿತ್ತು. ತೀರಿಕೊಂಡ ನನ್ನವಳದೂ ಇತ್ತು. ಇನ್ನೊಂದು ನಕಲು ಎಲ್ಲೂ ಇಲ್ಲ. ನಕಲಿಗೆ ಬೇರೆ ಕೋಣೆ ಬೇಕು. ಡೋಬ್ರಿ ಹಿಡಿದಿರಲಿಲ್ಲ.

ಫೋನು ಹೇಳುತ್ತಿದ್ದದ್ದು ಇಷ್ಟೇ. ಯಾರೋ ನಿನ್ನ ಸರ್ವರಿನ ಬಾಗಿಲು ತಟ್ಟುತ್ತಿದ್ದಾರೆ. ಅದು ದಿನಾ ಇದ್ದದ್ದೇ. ಎಲ್ಲೆಲ್ಲಿಂದಲೋ ಕಳ್ಳರು ಪಾಸ್‌ವರ್ಡ್ ಹಾಕಿ ನೋಡುತ್ತಾರೆ. ಆದರೆ ಇದು ದೂರದಿಂದ ಬರುತ್ತಿರಲಿಲ್ಲ. ಅದೇ ಮಿಷನ್ನಿನ ಒಳಗಿಂದ ಬರುತ್ತಿತ್ತು.

ಡೋಬ್ರಿ ಹೆದರಿ, ಅಲ್ಲೇ ನಿಂತು, ಎಲ್ಲಾ ಬಾಗಿಲೂ ಮುಚ್ಚು ಅಂತ ಬರೆದು ಒತ್ತಿಬಿಟ್ಟ. ತಾನು ಹೋಗುವ ಬಾಗಿಲನ್ನು ಮೊದಲು ತೆರೆದಿಟ್ಟುಕೊಂಡು ಆಮೇಲೆ ಮಿಕ್ಕದ್ದನ್ನು ಮುಚ್ಚಬೇಕು. ಈ ಕೆಲಸದವರೆಲ್ಲ ಒಂದಲ್ಲ ಒಂದು ದಿನ ಮಾಡುವ ತಪ್ಪು ಅದು. ಈಗ ಅವನು ಹೊರಗೆ. ಪಟ್ಟಿ ಒಳಗೆ.

ಗಾಂಚೋಗೆ ಫೋನು ಮಾಡಿದ.

"ಹೊರಗೆ ನಿಂತು ಬಾಗಿಲು ಹಾಕ್ಕೊಂಡ್ಯೇನೋ? ಭೇಷ್!" ಗಾಂಚೋ ನಕ್ಕ. "ನಾನು ಬುರ್ಗಾಸಲ್ಲಿದೀನಿ ಮಾರಾಯ."

"ನಗಬೇಡ ಗಾಂಚಣ್ಣ. ನಾಲ್ಕು ಗಂಟೆಗೆ ಯೋರ್ದಾಂಕಕ್ಕ ಒಲೆ ಹಚ್ತಾಳೆ. ಪಟ್ಟಿ ಸಿಗದಿದ್ರೆ ನನ್ನನ್ನೇ ಒಲೆಗೆ ಹಾಕ್ತಾಳೆ."

"ಹಾಗಾದ್ರೆ ಗಿರಣಿಗೆ ಹೋಗು. ಕೆಳಗೆ ಬೀಗ ಗೀಗ ಏನಿಲ್ಲ. ಮಿಷನ್ ಮುಂದೆ ಕೂತು ನೀನೇ ತಕ್ಕೋ." ಪಾಸ್‌ವರ್ಡ್ ಹೇಳಿದ.

ಡೋಬ್ರಿ ಗಿರಣಿಗೆ ಹೋಗಿ ಮೆಟ್ಟಿಲಿಳಿದ. ಕಬ್ಬಿಣದ ಬಾಗಿಲು. ತಳ್ಳಿದ. ಕಿರ್ರ್... ಅಂತ ತೆರೆಯಿತು. ಒಳಗೆ ಬಿಸಿ. ಫ್ಯಾನುಗಳ ಗುಂಯ್ ಶಬ್ದ. ನಾಲ್ಕು ಹೆಜ್ಜೆ ಇಟ್ಟಿದ್ದ. ಹಿಂದೆ ಧಡ್. ಆಮೇಲೆ ಸಣ್ಣಗೆ... ಕಟಕ್.

ಎಳೆದ. ಬರಲಿಲ್ಲ. ಎರಡೂ ಕೈ ಹಾಕಿ ಎಳೆದ. ಫೋನಿಗೆ ಸಿಗ್ನಲ್ ಇಲ್ಲ. ಮೊದಲು ಪಟ್ಟಿ ತೆಗೆಯೋಣ ಅಂತ ಮಿಷನ್ನಿನ ಮುಂದೆ ಕೂತ.

ಪಟ್ಟಿ ಸಿಕ್ಕಿತು. ಪೆನ್‌ಡ್ರೈವಿಗೆ ಹಾಕುವ ಮೊದಲು ಎಣಿಸಿದ. ನೂರಾ ಹತ್ತೊಂಬತ್ತು. ಕೊನೆಯಲ್ಲಿ, ಸ್ತಾನಾ. ಬರೀ ಸ್ತಾನಾ. ರೊಟ್ಟಿ ಹೇಳಿದವರ ಹೆಸರಿಲ್ಲ, ಮನೆತನವಿಲ್ಲ.

ಯಾರದೋ ಚೇಷ್ಟೆ ಅಂತ ಅಳಿಸಿದ.

ಒಂದು ಫ್ಯಾನು ನಿಂತಿತು. ಆಮೇಲೆ ಇನ್ನೊಂದು. ಸಾಲಾಗಿ ನಿಲ್ಲುತ್ತಾ ಬಂದವು... ಕೊನೆಗೆ ಅವನ ಉಸಿರೊಂದೇ. ಸೆಕೆ ಏರಿತು. ಅಂಗಿ ಬೆನ್ನಿಗೆ ಅಂಟಿತು. ಬಾಗಿಲಿಗೆ ಓಡಿ ಗುದ್ದಿದ, ಕೂಗಿದ. ಕಬ್ಬಿಣ ಬೆಚ್ಚಗಿತ್ತು. ಉಸಿರು ಸಾಲುತ್ತಿರಲಿಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ. ಮಿಷನ್ನಿನ ಸಾಲಿನ ಹಿಂದಿನಿಂದ ಪಿಸುದನಿ ಬಂತು. ಹೆಂಗಸಿನದು.

"ಬರ್ಕೊಂಡ್ಯಾ?"

"ಯಾ... ಯಾರಮ್ಮ?"

"ಬರ್ಕೊಳಪ್ಪ."

"ಎಲ್ಲಿ?"

"ಕೊನೇಲಾದ್ರೂ ಸರಿ."

ಕತ್ತಲಲ್ಲಿ ತಡವರಿಸಿಕೊಂಡು ವಾಪಸು ಹೋದ. ಪರದೆ ಒಂದೇ ಬೆಳಗುತ್ತಿತ್ತು. ಸ್ತಾನಾ ಅಂತ ಒಂದೊಂದೇ ಅಕ್ಷರ ಒತ್ತಿದ. ಟಕ್... ಟಕ್... ಕೊನೆಯ ಅಕ್ಷರಕ್ಕೆ ಫ್ಯಾನುಗಳೆಲ್ಲ ಒಟ್ಟಿಗೆ ಗುಂಯ್ ಅಂದವು. ಹಿಂದೆ, ಕಟಕ್. ಕುತ್ತಿಗೆಗೆ ತಣ್ಣಗೆ ಗಾಳಿ ತಾಗಿತು.

ಪೆನ್‌ಡ್ರೈವ್ ಕಿತ್ತುಕೊಂಡು ಓಡಿದ. ತಿರುಗಿ ನೋಡಲಿಲ್ಲ.

ಯೋರ್ದಾಂಕಾ ನೂರಾ ಹತ್ತೊಂಬತ್ತು ರೊಟ್ಟಿ ಬೇಯಿಸಿದಳು. "ಈ ಸ್ತಾನಾ ಯಾರೋ? ಒಯ್ಯೋಕೆ ಯಾರೂ ಬಂದಿಲ್ಲ" ಅಂದಳು. "ನಾನು ಒಯ್ತೀನಿ ಕೊಡಕ್ಕ" ಅಂದ ಡೋಬ್ರಿ. ಗಿರಣಿಯ ಗೇಟಿನಲ್ಲಿ ನಿಂತು, ದಾರಿಯಲ್ಲಿ ಹೋಗುವವರಿಗೆ ಮುರಿದು ಹಂಚಿದ. ಆ ಹೊತ್ತಿಗೆ ಗಾಂಚೋ ಬುರ್ಗಾಸಿನಿಂದ ಬಂದಿಳಿದ.

"ಮೊದಲು ಆ ಬಾಗಿಲು ರಿಪೇರಿ ಮಾಡಿಸು ಗಾಂಚಣ್ಣ. ನಿನ್ನೆ ಒಳಗೇ ಸಾಯ್ತಿದ್ದೆ."

"ಯಾವ ಬಾಗಿಲೋ?"

"ಕೆಳಗಿನ ಕಬ್ಬಿಣದ್ದು."

ಗಾಂಚೋ ಅವನ ಮುಖ ನೋಡಿದ. "ರಾಕಿಯಾ ಇನ್ನೂ ಇಳಿದಿಲ್ವಾ? ಅದನ್ನ ಜೂನ್‌ನಲ್ಲೇ ಕಿತ್ತು ಗುಜರಿಗೆ ಹಾಕಿದೆನಲ್ಲೋ. ಮಿಷನ್ನು ಕಾಯ್ತಿದ್ವು, ಗಾಳಿ ಆಡಲಿ ಅಂತ."

ಇಬ್ಬರೂ ಇಳಿದು ನೋಡಿದರು. ಗೋಡೆಯಲ್ಲಿ ಬರೀ ಚೌಕಟ್ಟು. ಪ್ಲಾಸ್ಟಿಕ್ ಪಟ್ಟಿಗಳು ನೇತಾಡುತ್ತಿದ್ದವು.

ಅಲ್ಲಿಂದ ಡೋಬ್ರಿ ಸೀದಾ ನನ್ನ ಮನೆಗೆ ಬಂದ. ಚಳಿಗೆ ಹಾಕಿದ್ದ ಕೈಗವಸು ಕಳಚಿ, ಅಡುಗೆಮನೆಯ ನಲ್ಲಿಯಲ್ಲಿ ಕೈ ತೊಳೆದ. ನಾನು ಪಕ್ಕದಲ್ಲೇ ಟವೆಲ್ ಹಿಡಿದು ನಿಂತಿದ್ದೆ. ನಾನಂತೂ ಕುಡಿದಿರಲಿಲ್ಲ, ನಿದ್ದೆಗಣ್ಣಲ್ಲೂ ಇರಲಿಲ್ಲ. ಅವನ ಎರಡೂ ಅಂಗೈ ತುಂಬ, ಉಗುರಿನ ಸಂದಿಯಲ್ಲೂ, ಕಬ್ಬಿಣದ ತುಕ್ಕು... ಬಿಳಿ ತೊಟ್ಟಿಯಲ್ಲಿ ನೀರು ಬಹಳ ಹೊತ್ತು ಕೆಂಪಗೇ ಹೋಯಿತು.